ಕತ್ತಲೆಕಾನಿನಲ್ಲಿ ಬೆಳಕಿನ ಲೆಕ್ಕ



ನಿಮ್ಮಲ್ಲಿ ಹೆಚ್ಚಿನವರಿಗೆ ‘ಊರು’ ಎಂದರೆ ಮೇ ತಿಂಗಳ ಹತ್ತು ದಿನ. ಅಜ್ಜಿಮನೆಯ ಜಗಲಿ, ಹಲಸಿನ ಹಣ್ಣಿನ ಕಡುಬು, ಯಾರದೋ ಮದುವೆ, ಒಮ್ಮೆ ಜೋಗ, ಒಮ್ಮೆ ಗೋಕರ್ಣ. ಮತ್ತೆ ರೈಲು ಹತ್ತಿದರೆ ಠಾಣೆ, ಮುಲುಂಡ, ಡೊಂಬಿವಲಿ. ಹುಟ್ಟಿ ಬೆಳೆದದ್ದೇ ಮುಂಬಯಿಯಲ್ಲಿ ಆದ್ದರಿಂದ ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆದರೆ ಒಂದಲ್ಲ ಒಂದು ದಿನ ಊರೇ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಅಜ್ಜ ತೀರಿಕೊಂಡ ಮೇಲೆ ಪಹಣಿಯಲ್ಲಿ ಅಪ್ಪನ ಹೆಸರು, ಅತ್ತೆಯರ ಹೆಸರು, ಮುಂದೆ ನಿಮ್ಮ ಹೆಸರು ಸೇರಿಕೊಳ್ಳುತ್ತದೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಆದ್ದರಿಂದ ಈ ಮಾತು ತಂಗಿಯರಿಗೂ ಸೇರಿಯೇ ಹೇಳುತ್ತಿದ್ದೇನೆ.

ನನ್ನನ್ನು ಊರು ಹುಡುಕಿಕೊಂಡು ಬಂದದ್ದು ಕಳೆದ ನವೆಂಬರಿನಲ್ಲಿ, ಕುಟುಂಬದ ವಾಟ್ಸಾಪ್ ಗುಂಪಿನ ಒಂದು ಸಂದೇಶದ ರೂಪದಲ್ಲಿ. ಸಿದ್ದಾಪುರ ತಾಲೂಕಿನ ನಮ್ಮ ಮನೆಯ ಹಿಂದೆ ಎರಡು ಎಕರೆ ಇಳಿಜಾರಿದೆ. ಸ್ವಂತ ಮಾಲ್ಕಿ ಜಮೀನು. ಅದರಲ್ಲಿ ಹಲಸು, ಹೆಬ್ಬಲಸು, ಮಾವು, ಮತ್ತಿ, ಉಪ್ಪಾಗೆ, ಮುರುಗಲು ಎಂದು ಅಜ್ಜನ ಕಾಲಕ್ಕೂ ಹಿಂದಿನ ಮರಗಳಿವೆ. ‘ಮರಕ್ಕೆ ಗಿರಾಕಿ ಬಂದಿದ್ದಾರೆ, ಒಳ್ಳೆ ರೇಟು, ಪಹಣಿಯಲ್ಲಿ ಹೆಸರಿದ್ದವರೆಲ್ಲರ ಒಪ್ಪಿಗೆ ಬೇಕು’ ಎಂದು ಅಲ್ಲಿಯೇ ಇದ್ದು ತೋಟ ನೋಡಿಕೊಳ್ಳುವ ಚಿಕ್ಕಪ್ಪನ ಮಗ ಬರೆದಿದ್ದ. ಪುಣೆಯಲ್ಲಿ ಇಂಜಿನಿಯರಾಗಿರುವ ಅಣ್ಣನ ಮಗ ಕೂಡಲೇ ಉತ್ತರಿಸಿದ: ‘ಹಳೇ ಮರಗಳು ಬೆಳೆಯುವುದನ್ನು ನಿಲ್ಲಿಸಿರುತ್ತವೆ. ಅವನ್ನು ತೆಗೆದು ಅಕೇಶಿಯಾ ಹಾಕಿದರೆ ಬೇಗ ಬೆಳೆಯುತ್ತದೆ, ಇಂಗಾಲವನ್ನೂ ಹೆಚ್ಚು ಹೀರುತ್ತದೆ. ಪರಿಸರಕ್ಕೂ ಒಳ್ಳೆಯದು.’

ನಾನು ‘ನಿಮ್ಮೆಲ್ಲರ ಇಷ್ಟ’ ಎಂದು ಬರೆದೆ. ಕಳಿಸುವ ಮೊದಲು ಕೈ ತಡೆಯಿತು. ಮೂವತ್ತು ವರ್ಷ ಈ ಮಹಾನಗರದ ಶಾಲೆಯೊಂದರಲ್ಲಿ ಕರಿಹಲಗೆಯ ಮೇಲೆ ಎಲೆಯ ಚಿತ್ರ ಬರೆದು ದ್ಯುತಿಸಂಶ್ಲೇಷಣೆ ಪಾಠ ಮಾಡಿದವನು ನಾನು. ಆ ಪಾಠಕ್ಕೂ ನಮ್ಮ ಹಿತ್ತಿಲ ಮರಕ್ಕೂ ಏನು ಸಂಬಂಧ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ‘ಡಿಸೆಂಬರಿನಲ್ಲಿ ಬರುತ್ತೇನೆ, ಅಲ್ಲಿಯ ತನಕ ಮರ ಮುಟ್ಟಬೇಡ’ ಎಂದು ತಮ್ಮನಿಗೆ ಫೋನ್ ಮಾಡಿ ಟಿಕೆಟ್ ತೆಗೆಸಿದೆ.

ಈಗಿನ ಪ್ರಯಾಣ ಬಹಳ ಸುಲಭ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದ ಮೇಲೆ ಮಧ್ಯಾಹ್ನ ಕುರ್ಲಾದಲ್ಲಿ ಹತ್ತಿದವನು ಬೆಳಗಾಗುವ ಹೊತ್ತಿಗೆ ಹೊನ್ನಾವರದಲ್ಲಿ ಇಳಿಯಬಹುದು. ಅಲ್ಲಿ ಶರಾವತಿ ಸಮುದ್ರ ಸೇರುತ್ತಾಳೆ. ಶಿವಮೊಗ್ಗದ ಕಡೆಯ ಬಸ್ಸು ಹತ್ತಿದರೆ ದಾರಿ ಗೇರುಸೊಪ್ಪೆಯ ಮೇಲೆ ಹೋಗುತ್ತದೆ. ಹದಿನಾರನೆಯ ಶತಮಾನದಲ್ಲಿ ಇಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಆ ಮೆಣಸು ಘಟ್ಟದ ಕಾನುಗಳಲ್ಲಿ ದೊಡ್ಡ ಮರಗಳಿಗೆ ಹಬ್ಬಿ ಬೆಳೆದದ್ದು. ನಮ್ಮ ಕಡೆ ‘ಕಾನು’ ಎಂದರೆ ವರ್ಷವಿಡೀ ಹಸಿರಾಗಿರುವ ದಟ್ಟ ಕಾಡು. ಗೇರುಸೊಪ್ಪೆ ದಾಟಿದ ಮೇಲೆ ಘಾಟಿ ಶುರು. ತಿರುವು ತಿರುವಿಗೆ ಬಿಸಿಲು ಕಡಿಮೆಯಾಗುತ್ತ ಹೋಗುತ್ತದೆ. ಮಲೆಮನೆ ಎಂಬಲ್ಲಿ ತಮ್ಮ ಜೀಪು ನಿಲ್ಲಿಸಿಕೊಂಡು ಕಾಯುತ್ತಿದ್ದ. ‘ಮನೆಗೆ ಆಮೇಲೆ ಹೋಗೋಣ, ಮೊದಲು ಕತ್ತಲೆಕಾನು ತೋರಿಸು’ ಎಂದೆ. ನಮ್ಮ ಮರಗಳನ್ನು ನೋಡುವ ಮೊದಲು, ಮನುಷ್ಯ ಕೈ ಹಾಕದೆ ಬಿಟ್ಟ ಕಾಡು ಹೇಗಿರುತ್ತದೆ ಎಂದು ನೋಡಬೇಕಿತ್ತು. ಅರಣ್ಯ ಇಲಾಖೆಯ ಅನುಮತಿಯನ್ನು ಅವನು ಮೊದಲೇ ಪಡೆದಿದ್ದ.

ಹೆಸರು ಸುಳ್ಳಲ್ಲ. ಹೆದ್ದಾರಿಯಿಂದ ಐವತ್ತು ಹೆಜ್ಜೆ ಒಳಗೆ ಹೋದರೆ ಹಗಲು ಹತ್ತು ಗಂಟೆ ಸಂಜೆ ಆರರಂತೆ ಕಾಣುತ್ತದೆ. ಮರಗಳ ತಲೆಗಳೆಲ್ಲ ಕೂಡಿ ಮೇಲೆ ಚಾವಣಿ ಕಟ್ಟಿವೆ. ಇಂಥ ಕಾಡಿನ ನೆಲಕ್ಕೆ ಚಾವಣಿಯ ಮೇಲೆ ಬೀಳುವ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ತಲಪುತ್ತದೆ. ಅಲ್ಲಲ್ಲಿ ರೂಪಾಯಿ ನಾಣ್ಯದಷ್ಟು ಬಿಸಿಲ ಚುಕ್ಕೆಗಳು ಬಿದ್ದು ಸರಿಯುತ್ತಿರುತ್ತವೆ. ಕೆಳಗಿನ ಸಸಿಗಳ ಎಲೆ ತೆಳ್ಳಗೆ, ಅಗಲವಾಗಿರುತ್ತದೆ. ಬಿಸಿಲ ಚುಕ್ಕೆ ಮೈಮೇಲೆ ಹಾದುಹೋಗುವ ಆ ಕೆಲವು ನಿಮಿಷಗಳಲ್ಲೇ ಅವು ದಿನದ ಗಳಿಕೆಯ ದೊಡ್ಡ ಪಾಲನ್ನು ಮುಗಿಸಿಕೊಳ್ಳಬೇಕು.

ಇನ್ನೂ ಕೆಳಗೆ ಇಳಿದರೆ ಜೌಗು. ಕಣಿವೆಯ ತಳದಲ್ಲಿ ತೆಳ್ಳಗಿನ ಹಳ್ಳ ಹರಿಯುತ್ತದೆ, ಬೇಸಿಗೆಯಲ್ಲೂ ನಿಲ್ಲುವುದಿಲ್ಲ. ಆ ಕೆಸರಿನಲ್ಲಿ ಜಾಯಿಕಾಯಿಯ ಕಾಡು ಬಳಗದ ಮರಗಳು ನಿಂತಿವೆ. ಕೆಲವಕ್ಕೆ ಕಾಂಡದಿಂದ ಬಿಟ್ಟ ಊರುಗೋಲಿನಂಥ ಬೇರುಗಳು, ಕೆಲವಕ್ಕೆ ನೆಲದಿಂದ ಮೇಲೆದ್ದು ಮೊಣಕಾಲಿನಂತೆ ಬಾಗಿ ಮತ್ತೆ ಕೆಸರಿಗೇ ಇಳಿಯುವ ಬೇರುಗಳು. ಕೆಸರಿನಲ್ಲಿ ಗಾಳಿಯಿಲ್ಲದ್ದರಿಂದ ಬೇರು ಉಸಿರಾಡಲು ಹೊರಗೆ ಬಂದಿದೆ. ವಿಜ್ಞಾನಿಗಳು ಇವನ್ನು ‘ಮಿರಿಸ್ಟಿಕಾ ಜೌಗು’ ಎನ್ನುತ್ತಾರೆ. ಪಶ್ಚಿಮ ಘಟ್ಟದಲ್ಲಿ ಇಂಥವು ಚೂರುಚೂರಾಗಿ ಉಳಿದಿವೆ. ಬಹಳಷ್ಟು ಕಡೆ ನೀರು ಬಸಿದು ಗದ್ದೆ, ತೋಟ ಮಾಡಿದ್ದೇವೆ. ಇಲ್ಲಿ ಸಿಕ್ಕಿದ ಕರಿಗೇರಿನ ಬಳಗದ ಒಂದು ಮರ ಹೊಸ ಜಾತಿ ಎಂದು 2000ದಲ್ಲಿ ಪ್ರಕಟವಾಯಿತು. ಅದರ ಸಸ್ಯಶಾಸ್ತ್ರೀಯ ಹೆಸರೇ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’. ಕನ್ನಡದ ಒಂದು ಸಣ್ಣ ಜಾಗದ ಹೆಸರು ಹೀಗೆ ಜಗತ್ತಿನ ಸಸ್ಯಕೋಶಕ್ಕೆ ಹೋಗಿದೆ.

‘ಅಣ್ಣಾ, ಆ ಕಡೆ ಕಾಲಿಡಡ, ಮೊಣಕಾಲ ತನಕ ಹುಗಿದು ಹೋಗ್ತು’ ಎಂದು ತಮ್ಮ ಎಚ್ಚರಿಸಿದ. ನಾನು ಒಂದು ಬೇರಿನ ಮೊಣಕಾಲಿನ ಮೇಲೆ ಕೈ ಊರಿ ನಿಂತೆ. ಮೇಲೆ ನೋಡಿದರೆ ತುದಿ ಕಾಣದ ಮರ. ಇಷ್ಟು ತೂಕ ಎಲ್ಲಿಂದ ಬಂತು?

ನೀವು ಹೇಳುವ ಉತ್ತರ ನನಗೆ ಗೊತ್ತು. ‘ಮಣ್ಣಿನಿಂದ.’ ಮೂವತ್ತು ವರ್ಷ ನನ್ನ ವಿದ್ಯಾರ್ಥಿಗಳೂ ಅದನ್ನೇ ಹೇಳಿದ್ದಾರೆ. ನಾಲ್ಕು ಶತಮಾನದ ಹಿಂದೆ ವಾನ್ ಹೆಲ್ಮಾಂಟ್ ಎಂಬ ವೈದ್ಯ ಇದನ್ನು ತೂಗಿ ನೋಡಿದ. ಸುಮಾರು 90 ಕಿಲೋ ಒಣ ಮಣ್ಣನ್ನು ಕುಂಡಕ್ಕೆ ತುಂಬಿ, ಎರಡು ಕಿಲೋಗಿಂತ ತುಸು ಹೆಚ್ಚು ತೂಗುವ ವಿಲೋ ಸಸಿ ನೆಟ್ಟು, ಐದು ವರ್ಷ ನೀರು ಮಾತ್ರ ಹಾಕಿದ. ಆಮೇಲೆ ಕಿತ್ತು ತೂಗಿದರೆ ಗಿಡ ಸುಮಾರು 77 ಕಿಲೋ. ಮಣ್ಣಿನಲ್ಲಿ ಕಡಿಮೆಯಾದದ್ದು 60 ಗ್ರಾಮಿಗಿಂತಲೂ ಕಡಿಮೆ! ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವನು ತೀರ್ಮಾನಿಸಿದ. ಅವನು ತೀರಿಕೊಂಡ ನಂತರ 1648ರಲ್ಲಿ ಇದು ಅಚ್ಚಾಯಿತು. ಮಣ್ಣಿನಿಂದಲ್ಲ ಎಂಬುದು ಸರಿ. ನೀರಿನಿಂದ ಎಂಬುದು ಅರ್ಧ ಸರಿ. ಉಳಿದರ್ಧಕ್ಕೆ ಜಗತ್ತು ಇನ್ನೂ ನೂರೈವತ್ತು ವರ್ಷ ಕಾಯಬೇಕಾಯಿತು. 1779ರಲ್ಲಿ ಇಂಗೆನ್‌ಹೌಸ್, ಗಿಡದ ಹಸಿರು ಭಾಗ ಬೆಳಕಿದ್ದಾಗ ಮಾತ್ರ ಗಾಳಿಯನ್ನು ಶುದ್ಧ ಮಾಡುತ್ತದೆ ಎಂದು ತೋರಿಸಿದ. 1804ರಲ್ಲಿ ದ ಸೋಸ್ಯೂರ್, ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರು ಎರಡೂ ಸೇರಿ ಗಿಡದ ತೂಕವಾಗುತ್ತದೆ ಎಂದು ಅಳತೆ ಮಾಡಿ ಹೇಳಿದ.

ಅಂದರೆ ನಾನು ಕೈ ಊರಿ ನಿಂತ ಆ ಬೇರಿನಲ್ಲಿ ಮಣ್ಣಿನ ಪಾಲು ಬಹಳ ಕಡಿಮೆ. ಅದನ್ನು ಸುಟ್ಟರೆ ಉಳಿಯುವ ಒಂದು ಹಿಡಿ ಬೂದಿಯಷ್ಟೇ ಮಣ್ಣು ಕೊಟ್ಟದ್ದು. ಮಿಕ್ಕಿದ್ದೆಲ್ಲ ಗಾಳಿ ಮತ್ತು ನೀರು. ಅವೆರಡನ್ನೂ ಬೆಸೆದು ಹಿಡಿದದ್ದು ಬೆಳಕು.

ಬೆಸುಗೆ ಹೇಗೆ ಎಂದು ಸ್ವಲ್ಪ ನೋಡೋಣ. ಎಲೆಯ ತಳಭಾಗದಲ್ಲಿ ಕಣ್ಣಿಗೆ ಕಾಣದ ಬಾಯಿಗಳಿವೆ. ಅವು ತೆರೆದಾಗ ಗಾಳಿ ಒಳಗೆ ಬರುತ್ತದೆ, ಎಲೆಯ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಒಳಗಿನ ಹಸಿರು ವಸ್ತು, ಅಂದರೆ ಪತ್ರಹರಿತ್ತು, ಬೆಳಕಿನ ಕೆಂಪು ಮತ್ತು ನೀಲಿ ಪಾಲನ್ನು ಹೆಚ್ಚಾಗಿ ಹಿಡಿಯುತ್ತದೆ. ಹಸಿರು ಪಾಲು ಹೆಚ್ಚು ವಾಪಸು ಬರುವುದರಿಂದಲೇ ಕಾಡು ಹಸಿರಾಗಿ ಕಾಣುವುದು. ಹಿಡಿದ ಬೆಳಕಿನ ಬಲದಿಂದ ಎಲೆ ನೀರನ್ನು ಒಡೆಯುತ್ತದೆ. ನೀವು ಉಸಿರಾಡುವ ಆಮ್ಲಜನಕ ಈ ಒಡೆದ ನೀರಿನಿಂದ ಬಂದದ್ದು, ಇಂಗಾಲದ ಡೈಆಕ್ಸೈಡಿನಿಂದ ಅಲ್ಲ. ಉಳಿದ ಜಲಜನಕವನ್ನೂ ಶಕ್ತಿಯನ್ನೂ ಬಳಸಿ ಗಾಳಿಯ ಇಂಗಾಲವನ್ನು ಸಕ್ಕರೆಯಾಗಿ ಕಟ್ಟುತ್ತದೆ. ಈ ಕಟ್ಟುವ ಕೆಲಸದ ಹಂತಗಳನ್ನು ಬಿಡಿಸಿದ್ದಕ್ಕೆ ಮೆಲ್ವಿನ್ ಕ್ಯಾಲ್ವಿನ್‌ಗೆ 1961ರಲ್ಲಿ ನೊಬೆಲ್ ಬಂತು.

ಇಂಗಾಲವನ್ನು ಮೊದಲು ಕೈಹಿಡಿದು ಒಳಗೆ ಕರೆತರುವ ಕೆಲಸಗಾರನ ಹೆಸರು ರುಬಿಸ್ಕೋ, ಒಂದು ಬಗೆಯ ಪ್ರೋಟೀನು. ಬಹಳ ನಿಧಾನಿ. ಬೇರೆ ಕಿಣ್ವಗಳು ಸೆಕೆಂಡಿಗೆ ಸಾವಿರಾರು ಸಲ ಮಾಡುವಂಥ ಕೆಲಸವನ್ನು ಇದು ಸೆಕೆಂಡಿಗೆ ಬೆರಳೆಣಿಕೆಯಷ್ಟು ಸಲ ಮಾಡುತ್ತದೆ. ಎಷ್ಟೋ ಸಲ ಇಂಗಾಲದ ಡೈಆಕ್ಸೈಡ್ ಎಂದುಕೊಂಡು ಆಮ್ಲಜನಕವನ್ನೇ ಹಿಡಿದು ತರುತ್ತದೆ. ಹಾಗಾಗಿ ಎಲೆ ಇದನ್ನು ರಾಶಿ ರಾಶಿ ಇಟ್ಟುಕೊಂಡಿರುತ್ತದೆ. ಬಿಸಿಲಿನಲ್ಲಿ ಬಂದ ನೂರು ರೂಪಾಯಿಯಲ್ಲಿ ಸುಮಾರು ಅರ್ಧ, ಎಲೆ ಬಳಸಲಾಗದ ಬಣ್ಣಗಳ ಬೆಳಕು. ಉಳಿದದ್ದರಲ್ಲಿ ಬಹುಪಾಲು ಪ್ರತಿಫಲಿಸಿ, ಬಿಸಿಯಾಗಿ, ಈ ನಿಧಾನದಲ್ಲಿ ಸೋರಿ ಹೋಗುತ್ತದೆ. ಕಟ್ಟಿದ ಸಕ್ಕರೆಯಲ್ಲೂ ಸರಿಸುಮಾರು ಅರ್ಧವನ್ನು ಗಿಡ ತನ್ನ ಉಸಿರಾಟಕ್ಕೆ ಖರ್ಚು ಮಾಡುತ್ತದೆ. ಕೊನೆಗೆ ಕಾಂಡ, ಬೇರು, ಎಲೆ, ಕಾಯಿಯಾಗಿ ಉಳಿಯುವುದು ಒಂದು ರೂಪಾಯಿ, ಎಷ್ಟೋ ಕಡೆ ಅದಕ್ಕೂ ಕಡಿಮೆ.

ನಿಮ್ಮ ಮನೆಯ ಹಿರಿಯರನ್ನು ಕೇಳಿದರೆ ಪಿಗ್ಮಿ ಠೇವಣಿಯ ಕಥೆ ಹೇಳುತ್ತಾರೆ. 1928ರಲ್ಲಿ ಕರಾವಳಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಶುರು ಮಾಡಿದ ಯೋಜನೆ ಅದು. ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆ, ನಾಲ್ಕಾಣೆ ಸಂಗ್ರಹಿಸುತ್ತಿದ್ದರು. ಅಂಥ ಪುಡಿಕಾಸಿನಿಂದಲೇ ಎಷ್ಟೋ ಮನೆಗಳ ಮದುವೆ, ಓದು ನಡೆದವು. ಎಲೆ ಮರದ ಪಿಗ್ಮಿ ಏಜೆಂಟ್. ದಿನವೂ ಬಿಸಿಲಿನಿಂದ ಪುಡಿಕಾಸು ತರುತ್ತದೆ. ಕೂಡಿದ್ದು ಕೆಲವು ದಿನ ಪಿಷ್ಟವಾಗಿ ಉಳಿತಾಯ ಖಾತೆಯಲ್ಲಿರುತ್ತದೆ, ಬೇಕಾದಾಗ ತೆಗೆದು ಬಳಸುತ್ತದೆ. ಸೆಲ್ಯುಲೋಸು, ಲಿಗ್ನಿನ್ ಆಗಿ ಕಟ್ಟಿಗೆಯಾದರೆ ಅದು ದೀರ್ಘಾವಧಿ ಠೇವಣಿ. ಮರ ಅದನ್ನು ಮತ್ತೆ ಒಡೆಯುವುದಿಲ್ಲ. ಅದರ ಮೇಲೆ ನಿಂತು ಇನ್ನೂ ಮೇಲಿನ ಬೆಳಕಿಗೆ ಕೈ ಚಾಚುತ್ತದೆ.

ತಮ್ಮ ಒಂದು ಕೋಲಿನಿಂದ ಜೌಗಿನ ಕೆಸರನ್ನು ಕೆದಕಿದ. ಮೇಲೆ ಬಂದ ಎಲೆಗಳು ಕಪ್ಪಾಗಿದ್ದವು, ಆದರೆ ನರಗಳು ಹಾಗೆಯೇ ಇದ್ದವು. ಬಿದ್ದು ಎಷ್ಟು ಕಾಲವಾಗಿತ್ತೋ. ಎಲೆ ಕೊಳೆಯಬೇಕಾದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಬೇಕು. ನೀರು ತುಂಬಿದ ಕೆಸರಿನಲ್ಲಿ ಅದು ಸಿಗುವುದಿಲ್ಲ. ಹಾಗಾಗಿ ಕೊಳೆಯುವುದು ನಿಧಾನ, ಇಂಗಾಲ ಅಲ್ಲೇ ಕೂತಿರುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಇಂಥ ಜೌಗುಗಳಲ್ಲಿ ಕೊಳೆಯದೆ ಹೂತುಹೋದ ಕಾಡುಗಳೇ ಇಂದಿನ ಕಲ್ಲಿದ್ದಲು. ಜೌಗನ್ನು ಬಸಿದರೆ ಗಾಳಿ ಒಳನುಗ್ಗುತ್ತದೆ, ಬಹುಕಾಲದ ಠೇವಣಿ ಕೆಲವೇ ವರ್ಷಗಳಲ್ಲಿ ಕರಗಿ ಆಕಾಶಕ್ಕೆ ಹೋಗುತ್ತದೆ. ಈ ಠೇವಣಿ ಜೌಗಿನಲ್ಲಿ ಮಾತ್ರ ಇರುವುದಲ್ಲ. ಇಡೀ ಭೂಮಿಯಲ್ಲಿ ಮೇಲಿನ ಒಂದು ಮೀಟರ್ ಮಣ್ಣಿನಲ್ಲಿರುವ ಇಂಗಾಲವೇ ಎಲ್ಲ ಗಿಡಮರಗಳ ಮೈಯಲ್ಲಿರುವುದಕ್ಕಿಂತ ಬಹಳ ಹೆಚ್ಚು. ಕಾಡು ಎಂದು ನಾವು ಮೇಲೆ ನೋಡುತ್ತೇವೆ. ಖಜಾನೆಯ ದೊಡ್ಡ ಭಾಗ ಕಾಲ ಕೆಳಗಿರುತ್ತದೆ.

ಮಧ್ಯಾಹ್ನ ಮನೆ ಸೇರಿ ಊಟ ಮುಗಿಸಿ ಇಳಿಜಾರಿಗೆ ಹೋದೆವು. ವ್ಯಾಪಾರಿ ಸುಣ್ಣದಲ್ಲಿ ಗುರುತು ಹಾಕಿ ಹೋಗಿದ್ದ. ನನ್ನ ಅಮ್ಮ ಮಾಡುತ್ತಿದ್ದ ಕಡುಬಿನ ಹಲಸಿಗೂ ಗುರುತು ಬಿದ್ದಿತ್ತು. ಆ ಮರದ ಕೆಳಗೆ ಕುಳಿತು ಒಂದು ಲೆಕ್ಕ ಮಾಡಿದೆ. ನೀವೂ ಮಾಡಬಹುದು. ಒಣಗಿದ ಮೇಲೆ ಒಂದು ಟನ್ ತೂಗುವ ಮರ ಎಂದು ಇಟ್ಟುಕೊಳ್ಳಿ. ಒಣ ಕಟ್ಟಿಗೆಯಲ್ಲಿ ಸುಮಾರು ಅರ್ಧ ಇಂಗಾಲ, ಅಂದರೆ 500 ಕಿಲೋ. ಒಂದು ಕಿಲೋ ಇಂಗಾಲ ಸುಟ್ಟರೆ ಅಥವಾ ಕೊಳೆತರೆ 3.67 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಹಾಗಾಗಿ ಈ ಒಂದು ಮರ ಗಾಳಿಯಿಂದ ಸುಮಾರು 1,800 ಕಿಲೋ ಇಂಗಾಲದ ಡೈಆಕ್ಸೈಡನ್ನು ತೆಗೆದು ತನ್ನಲ್ಲಿಟ್ಟುಕೊಂಡಿದೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಹೊರಬೀಳುತ್ತದೆ. ಹಾಗೆ ನೋಡಿದರೆ ಒಂದು ಮರ ಹತ್ತಿರ ಹತ್ತಿರ 800 ಲೀಟರ್ ಪೆಟ್ರೋಲಿಗೆ ಸಮ. ಮರ ಕಟ್ಟಲು ಎರಡು ತಲೆಮಾರು ಬೇಕಾಯಿತು. ಪೆಟ್ರೋಲನ್ನು ನಮ್ಮ ಒಂದು ಕಾರು ಒಂದೆರಡು ವರ್ಷದಲ್ಲಿ ಮುಗಿಸುತ್ತದೆ.

ಈಗ ಅಣ್ಣನ ಮಗನ ಮಾತಿಗೆ ಬರೋಣ. ಅದು ಓದಿದವನ ಮಾತು, ತಳ್ಳಿಹಾಕುವಂಥದ್ದಲ್ಲ. ಎಳೆಯ ನೆಡುತೋಪು ಎಕರೆ ಲೆಕ್ಕದಲ್ಲಿ ಬೇಗ ಬೆಳೆಯುತ್ತದೆ ಎಂಬುದು ನಿಜ. ಅಕೇಶಿಯಾ ಬರಡು ಕಲ್ಲುನೆಲದಲ್ಲೂ ಬರುತ್ತದೆ, ಸೌದೆ ಕೊಡುತ್ತದೆ, ಅಷ್ಟರಮಟ್ಟಿಗೆ ಕಾಡಿನ ಮೇಲಿನ ಭಾರ ಇಳಿಸುತ್ತದೆ. ನಮ್ಮ ಜಿಲ್ಲೆಯಲ್ಲಿ 1980ರ ದಶಕದಿಂದ ಅದನ್ನು ಯಥೇಚ್ಛ ನೆಟ್ಟಿದ್ದಾರೆ. ಆದರೆ ಹಳೆಯ ಮರ ಬೆಳೆಯುವುದನ್ನು ನಿಲ್ಲಿಸುತ್ತದೆ ಎಂಬುದು ಸರಿಯಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನ 403 ಜಾತಿಯ ಮರಗಳ ಅಳತೆ ನೋಡಿ, ಬಹುಪಾಲು ಜಾತಿಗಳಲ್ಲಿ ಮರ ದೊಡ್ಡದಾದಷ್ಟೂ ವರ್ಷಕ್ಕೆ ಸೇರಿಸುವ ತೂಕವೂ ಹೆಚ್ಚುತ್ತದೆ ಎಂದು ತೋರಿಸಿತು. ದೊಡ್ಡ ಮರಕ್ಕೆ ಎಲೆ ಹೆಚ್ಚು, ಏಜೆಂಟರು ಹೆಚ್ಚು, ದಿನದ ವಸೂಲಿಯೂ ಹೆಚ್ಚು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಎಷ್ಟು ಬೇಗ ಗಳಿಸುತ್ತದೆ ಎನ್ನುವುದು ಅರ್ಧ ಲೆಕ್ಕ. ಗಳಿಸಿದ್ದು ಎಷ್ಟು ಕಾಲ ಉಳಿಯುತ್ತದೆ ಎನ್ನುವುದು ಉಳಿದರ್ಧ. ಹಲಸು ತೊಲೆಯಾಗಿ, ಬಾಗಿಲಾಗಿ ಮನೆಯಲ್ಲಿ ನಿಂತರೆ ಅದರ ಇಂಗಾಲ ಇನ್ನೂ ನೂರು ವರ್ಷ ಉಳಿದೀತು. ನಮ್ಮ ಅಜ್ಜನ ಮನೆಯ ಕಂಬಗಳು ಹಾಗೆ ಉಳಿದಿವೆ. ಆದರೆ ಕಡಿದ ಮರದಲ್ಲಿ ಹಲಗೆಯಾಗುವುದು ಒಂದು ಪಾಲು ಮಾತ್ರ. ಕೊಂಬೆ, ಬೇರು, ತೊಗಟೆ, ಗರಗಸದ ಪುಡಿ ಸುಟ್ಟೋ ಕೊಳೆತೋ ಬೇಗ ಹೋಗುತ್ತದೆ. ಬಿಸಿಲು ಬಿದ್ದ ಇಳಿಜಾರಿನ ಮಣ್ಣು ಮೊದಲ ಮಳೆಗೇ ಕೊಚ್ಚಿಹೋಗುತ್ತದೆ. ಅಕೇಶಿಯಾವನ್ನು ಹತ್ತಾರು ವರ್ಷಕ್ಕೆ ಕಡಿದು ಸೌದೆಗೋ ಕಾಗದಕ್ಕೋ ಕೊಟ್ಟರೆ ಅದರ ಇಂಗಾಲವೂ ಅಲ್ಪಕಾಲದಲ್ಲಿ ಗಾಳಿಗೆ ಮರಳುತ್ತದೆ. ದೀರ್ಘಾವಧಿ ಠೇವಣಿ ಮುರಿದು ಪಿಗ್ಮಿ ಖಾತೆ ತೆರೆದು ‘ಶ್ರೀಮಂತರಾದೆವು’ ಎಂದಂತೆ ಆಗುತ್ತದೆ.

ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳುತ್ತಿದ್ದೆ. ತಮ್ಮ ಸುಮ್ಮನೆ ಕೇಳಿದ. ಆಮೇಲೆ ಹೇಳಿದ: ‘ನೀ ಹೇಳದು ಸರಿ ಅಣ್ಣಾ. ಇದು ನಾ ನೆಟ್ಟಿದ್ದಲ್ಲ, ಅಜ್ಜ ನೆಟ್ಟಿದ್ದೂ ಅಲ್ಲ. ಕಡಿಯಲೆ ನನಗೂ ಮನಸ್ಸಿಲ್ಲೆ. ಆದರೆ ಕೂಸಿನ ಕಾಲೇಜು ಫೀಸು ಕಟ್ಟವು. ಈ ಸಲ ಕೊಳೆ ರೋಗಕ್ಕೆ ಅರ್ಧ ಅಡಕೆ ಉದುರಿ ಹೋತು.’

ನನ್ನ ಬಾಯಿ ಕಟ್ಟಿತು. ಮಿತ್ರರೇ, ಈ ಪ್ರಬಂಧವನ್ನು ಬರೆಯಲು ಕಾರಣ ಜೌಗಲ್ಲ, ಈ ಮಾತು. ನಾವು ಮುಂಬಯಿಯಲ್ಲಿ ಕುಳಿತು ಊರಿನ ಹಸಿರನ್ನು ಹೊಗಳುತ್ತೇವೆ. ಆ ಹಸಿರನ್ನು ಕಾಯುವ ಖರ್ಚು ಯಾರ ತಲೆಯ ಮೇಲಿದೆ ಎಂದು ಕೇಳುವುದಿಲ್ಲ. ಮರಕ್ಕೆ ಬೆಲೆ ಬರುವುದು ಕಡಿದಾಗ ಮಾತ್ರ. ನಿಂತ ಮರ ದಿನವೂ ಮಾಡುವ ಕೆಲಸಕ್ಕೆ ಅವನ ಕೈಗೆ ಒಂದು ಪೈಸೆ ಬರುವುದಿಲ್ಲ.

ಹಿಂದಿನವರಿಗೆ ಇಂಗಾಲದ ಲೆಕ್ಕ ಗೊತ್ತಿರಲಿಲ್ಲ, ಆದರೆ ನಿಂತ ಮರದಿಂದ ಬದುಕುವ ಬಗೆ ಗೊತ್ತಿತ್ತು. ಕಾನನ್ನು ದೇವರಿಗೆ ಬಿಟ್ಟು ಅದರಲ್ಲಿ ಮೆಣಸು ಬೆಳೆದರು. 1801ರಲ್ಲಿ ಈ ಜಿಲ್ಲೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕಾಡನ್ನು ಜನ ಗ್ರಾಮದೇವತೆಯ ಸ್ವತ್ತೆಂದು ತಿಳಿಯುತ್ತಾರೆ ಎಂದು ಬರೆದಿಟ್ಟ. ಘಟ್ಟದ ಮೇಲೆ ಒಂದು ಎಕರೆ ಅಡಕೆ ತೋಟಕ್ಕೆ ಒಂಬತ್ತು ಎಕರೆ ತನಕ ಸೊಪ್ಪಿನ ಬೆಟ್ಟ ಬಿಟ್ಟ ಪದ್ಧತಿ ಬ್ರಿಟಿಷರ ಕಾಲದಿಂದ ಬಂದಿದೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಬೆಟ್ಟದ ಮರ ಹಿಡಿದ ಬಿಸಿಲು ಹೀಗೆ ಅಡಕೆಯ ಬುಡ ಸೇರುತ್ತದೆ. ಅತಿಯಾಗಿ ಸವರಿದ ಕಡೆ ಮರ ಮೊಟಕಾಗಿ ಬೆಟ್ಟ ಬೋಳಾದದ್ದೂ ಉಂಟು. ಎಲೆಯೇ ಇಲ್ಲದಿದ್ದರೆ ಗಳಿಸುವವರು ಯಾರು? ಆಮೇಲೆ 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ಹೋಗಿ, ಕಡಿಯಲು ಬಂದವರ ಎದುರು ಮರಗಳನ್ನು ಅಪ್ಪಿಕೊಂಡು ನಿಂತರು. ಪಾಂಡುರಂಗ ಹೆಗಡೆಯವರ ಮುಂದಾಳುತನದ ಆ ಅಪ್ಪಿಕೋ ಚಳವಳಿಯ ಘೋಷಣೆ ‘ಉಳಿಸು, ಬೆಳೆಸು, ಬಳಸು’. ಮೂರನೆಯ ಶಬ್ದವನ್ನು ಗಮನಿಸಿ. ಅಲ್ಲಿ ಬದುಕುವವರು ಕಟ್ಟಿದ ಘೋಷಣೆ ಅದು, ಬಳಸಬೇಡ ಎಂದು ಹೇಳುವುದಿಲ್ಲ.

ಕಾಡು ಎಲ್ಲವನ್ನೂ ಸರಿಮಾಡುತ್ತದೆ ಎಂದೂ ನಾನು ಹೇಳುವುದಿಲ್ಲ. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ ಚಾರ್ಲ್ಸ್ ಕೀಲಿಂಗ್ ಅಳೆಯಲು ಆರಂಭಿಸಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 315 ಪಾಲಿತ್ತು. ಈಗ 420 ದಾಟಿದೆ. ನಾವು ವರ್ಷವೂ ಹೊರಬಿಡುವುದರಲ್ಲಿ ನೆಲದ ಮೇಲಿನ ಗಿಡಮರ ಮತ್ತು ಮಣ್ಣು ಹೀರುವುದು ಸರಿಸುಮಾರು ಮೂರನೆಯ ಒಂದು ಪಾಲಿನಷ್ಟು. ಉಳಿದದ್ದಕ್ಕೆ ನಮ್ಮ ಖರ್ಚನ್ನೇ ಇಳಿಸಬೇಕು. ಕಾಡನ್ನು ಕಡಿದರೆ ಮಾತ್ರ ಈ ಪಾಲೂ ಹೋಗುತ್ತದೆ, ಹಳೆಯ ಠೇವಣಿಯೂ ಹೋಗುತ್ತದೆ.

ಆ ರಾತ್ರಿ ಜಗಲಿಯಲ್ಲಿ ಕುಳಿತು ತಮ್ಮನೂ ನಾನೂ ಬೇರೆ ಲೆಕ್ಕ ಹಾಕಿದೆವು. ಇಳಿಜಾರಿನ ಅಂಚಿಗೆ ಅವನೇ ನೆಟ್ಟ ಹತ್ತು ಗುಂಟೆ ಅಕೇಶಿಯಾ ಕಡಿಯಲು ಬಂದಿದೆ, ಅದನ್ನು ಮಾರುವುದು. ಒಣಗಿ ನಿಂತ ಎರಡು ಮತ್ತಿ ಮರಗಳನ್ನು ಅನುಮತಿ ಪಡೆದು ತೆಗೆಯುವುದು. ಸ್ವಂತ ಜಮೀನಿನಲ್ಲೂ ಬಹಳಷ್ಟು ಜಾತಿಯ ಮರಗಳಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು ಎಂಬುದನ್ನು ನೆನಪಿಡಿ. ನಿಂತ ಹಲಸು, ಹೆಬ್ಬಲಸು, ಮಾವಿನ ಬುಡಕ್ಕೆ ಮುಂದಿನ ಮಳೆಗಾಲದಲ್ಲಿ ಮೆಣಸಿನ ಬಳ್ಳಿ ಹಚ್ಚುವುದು. ಬಳ್ಳಿ ಫಲಕ್ಕೆ ಬರಲು ಮೂರು ನಾಲ್ಕು ವರ್ಷ ಬೇಕು. ಅಲ್ಲಿಯ ತನಕ ಮಗಳ ಫೀಸನ್ನು ಪಹಣಿಯಲ್ಲಿ ಹೆಸರಿರುವ, ಹೊರಗೆ ಸಂಬಳ ತರುವ ನಾವು ಐದು ಮಂದಿ ಹಂಚಿಕೊಳ್ಳುವುದು. ಮರದಲ್ಲಿ ನಮಗೆ ಪಾಲಿದೆ ಎಂದಾದರೆ ಅದನ್ನು ಕಾಯುವ ಖರ್ಚಿನಲ್ಲೂ ಪಾಲಿರಬೇಕಲ್ಲ?

ಮರಳುವಾಗ ಹೊನ್ನಾವರ ನಿಲ್ದಾಣದಲ್ಲಿ ಕುಳಿತು ಇದನ್ನೆಲ್ಲ ಗುಂಪಿಗೆ ಬರೆದೆ. ಮೂವರು ಕೂಡಲೇ ಒಪ್ಪಿದರು. ಒಬ್ಬರು ಇನ್ನೂ ಉತ್ತರ ಕೊಟ್ಟಿಲ್ಲ. ಅಣ್ಣನ ಮಗ ಕೇಳಿದ: ‘ಕಾಕಾ, ಮೇ ತಿಂಗಳಲ್ಲಿ ಬಂದರೆ ಮರಗಳ ಸುತ್ತಳತೆ ತೆಗೆಯಬಹುದಾ? ಲೆಕ್ಕ ನಾನು ಮಾಡ್ತೇನೆ.’ ಬಾ ಎಂದೆ. ಸುಣ್ಣದ ಗುರುತನ್ನು ಅಷ್ಟರಲ್ಲಿ ತಮ್ಮ ಉಜ್ಜಿ ತೆಗೆದಿದ್ದ.

ನಿಮಗೂ ಒಂದು ಮಾತು. ಪಹಣಿಯಲ್ಲಿ ನಿಮ್ಮ ಮನೆಯ ಯಾರ ಯಾರ ಹೆಸರಿದೆ, ಅಲ್ಲಿ ಯಾವ ಮರಗಳಿವೆ, ಅವುಗಳನ್ನು ನೋಡಿಕೊಳ್ಳುತ್ತಿರುವವರು ಯಾರು ಎಂದು ಈ ಭಾನುವಾರ ಅಪ್ಪ ಅಮ್ಮನನ್ನು ಕೇಳಿ. ಮುಂದಿನ ಸಲ ಊರಿಗೆ ಹೋದಾಗ ಜೋಗಕ್ಕೆ ಹೋಗುವ ದಾರಿಯಲ್ಲಿ ಮಲೆಮನೆಯ ಹತ್ತಿರ ಗಾಡಿ ನಿಲ್ಲಿಸಿ. ಒಳಗೆ ಹೋಗಬೇಕೆಂದರೆ ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಗೊತ್ತಿರುವವರ ಜೊತೆಗೆ ಹೋಗಿ. ಮಳೆಗಾಲದಲ್ಲಿ ಉಂಬಳದ ಕಾಟ, ಡಿಸೆಂಬರ್ ಜನವರಿ ಒಳ್ಳೆಯದು. ಜೌಗಿನ ಬೇರುಗಳನ್ನು ತುಳಿಯಬೇಡಿ, ಅವು ಉಸಿರಾಡುತ್ತಿರುತ್ತವೆ. ಅಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ನಿಮ್ಮ ಅಜ್ಜಿಮನೆಯ ಹಲಸಿನ ಮರದ ಬುಡಕ್ಕೆ ಹೋಗಿ. ನಾಳೆ ನಿಮ್ಮ ಫೋನಿಗೂ ಅಂಥದೊಂದು ಸಂದೇಶ ಬಂದಾಗ, ಏನನ್ನು ಮಾರುತ್ತಿದ್ದೇವೆ ಎಂದು ತಿಳಿದೇ ಉತ್ತರ ಬರೆಯಬಹುದು.